ಕಪ್ಪು ತೊಗಲಿನ ಮೇಲಿನ ಕೆಂಪು ಚುಕ್ಕೆ

ರೋಗಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ ಎಂಬ ಮಾತನ್ನು ನಾವು ಹೈಸ್ಕೂಲಿನಿಂದಲೂ ಕೇಳಿಕೊಂಡು ಬಂದಿದ್ದೇವೆ. ಪ್ರಬಂಧ ಸ್ಪರ್ಧೆಯಲ್ಲಿ ಅದನ್ನೇ ಬರೆದವರಿಗೆ ಸ್ಟೀಲ್ ಲೋಟ ಬಹುಮಾನ ಕೊಡುತ್ತಾರೆ. ಆ ಮಾತು ಅರ್ಧ ಸತ್ಯ. ರೋಗಕ್ಕೆ ಜಾತಿಯಿಲ್ಲ, ಒಪ್ಪಿದೆವು. ಆದರೆ ರೋಗವನ್ನು ಗುರುತಿಸುವ ಕಣ್ಣಿಗೆ ಜಾತಿಯಿದೆ. ರೋಗದ ಚಿತ್ರ ಅಚ್ಚು ಹಾಕುವ ಪುಸ್ತಕಕ್ಕೆ ಬಣ್ಣವಿದೆ. ಔಷಧಿಗೆ ದುಡ್ಡು ಕೊಡುವ ಕೈಗೆ ಕುಲಗೋತ್ರ ಎಲ್ಲಾ ಇದೆ.

ಇದನ್ನು ನಾವು ಗಾಳಿಗೆ ಗುದ್ದಿ ಹೇಳುತ್ತಿಲ್ಲ. ಒಂದೇ ಒಂದು ಕಾಯಿಲೆ ತಗೊಂಡು, ಅದರ ಹೆಸರು ಹಿಡಿದು, ಊರು ಹಿಡಿದು, ಇಸವಿ ಹಿಡಿದು ತೋರಿಸುತ್ತೇವೆ.

ಕಾಯಿಲೆಯ ಹೆಸರು ಹೆರೆಡಿಟರಿ ಹೆಮರೇಜಿಕ್ ಟೆಲಾಂಜಿಯೆಕ್ಟೇಸಿಯ. ನಾಲಿಗೆ ಹೊರಳದ ಹೆಸರು. ಎಚ್.ಎಚ್.ಟಿ. ಅನ್ನೋಣ. ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ರಕ್ತನಾಳದ ಕಾಯಿಲೆ ಇದು. ನಮ್ಮ ಮೈಯೊಳಗೆ ಅಪಧಮನಿಗೂ ಅಭಿಧಮನಿಗೂ ನಡುವೆ ಕೂದಲಿಗಿಂತ ಸಣ್ಣ ಲೋಮನಾಳಗಳಿವೆ. ಕೆರೆಗೆ ತೂಬು, ತೂಬಿಗೆ ಕಾಲುವೆ ಇದ್ದ ಹಾಗೆ. ರಭಸ ಅಲ್ಲಿ ತಗ್ಗುತ್ತದೆ. ಈ ಕಾಯಿಲೆಯವರಿಗೆ ಅಲ್ಲಲ್ಲಿ ಆ ಸಣ್ಣ ನಾಳಗಳೇ ಇರುವುದಿಲ್ಲ. ಕೆರೆಯ ನೀರು ತೂಬಿಲ್ಲದೆ ಗದ್ದೆಗೆ ನುಗ್ಗಿದ ಹಾಗೆ ರಕ್ತ ನುಗ್ಗುತ್ತದೆ. ಮೂಗಿನೊಳಗೆ, ತುಟಿಯಲ್ಲಿ, ನಾಲಿಗೆಯಲ್ಲಿ, ಬೆರಳ ತುದಿಯಲ್ಲಿ ಕೆಂಪು ಚುಕ್ಕೆಗಳೇಳುತ್ತವೆ. ಮೂಗಿನಿಂದ ರಕ್ತ ಸುರಿಯುತ್ತದೆ. ವಾರಕ್ಕೊಮ್ಮೆ, ಕೆಲವರಿಗೆ ದಿನಕ್ಕೊಮ್ಮೆ, ವರ್ಷಾನುಗಟ್ಟಲೆ. ಶ್ವಾಸಕೋಶ, ಯಕೃತ್ತು, ಮಿದುಳಿನಲ್ಲಿ ಇಂಥದೇ ದೊಡ್ಡ ಗಂಟುಗಳು ಬೆಳೆಯಬಹುದು. ಶ್ವಾಸಕೋಶ ನಮ್ಮ ರಕ್ತದ ಜರಡಿ. ಜರಡಿ ಹರಿದಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು, ಹಲ್ಲಿನ ಸಂದಿಯ ಕ್ರಿಮಿ ನೇರ ಮಿದುಳಿಗೆ ಹೋಗುತ್ತವೆ. ಲಕ್ವ ಹೊಡೆಯುತ್ತದೆ, ಇಲ್ಲವೇ ಮಿದುಳಲ್ಲಿ ಕೀವು ಕಟ್ಟುತ್ತದೆ.

ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಜಗತ್ತಿನಲ್ಲಿ ಸುಮಾರು 5,000 ಜನಕ್ಕೊಬ್ಬರಿಗೆ ಇದೆ ಎಂಬುದು ವೈದ್ಯರ ಅಂದಾಜು.

ಬೇರುಸಹಿತ ಕೀಳುವ ಮದ್ದು ಇದಕ್ಕಿಲ್ಲ. ಹಾಗಂತ ಕೈಕಟ್ಟಿ ಕೂರುವ ಕಾಯಿಲೆಯೂ ಅಲ್ಲ. ಶ್ವಾಸಕೋಶದ ಗಂಟಿಗೆ ಸಣ್ಣ ಕೊಳವೆ ತೂರಿಸಿ ಬಾಯಿ ಮುಚ್ಚಬಹುದು. ಶ್ವಾಸಕೋಶದಲ್ಲಿ ಗಂಟಿದ್ದವರು ಹಲ್ಲು ಕೀಳಿಸುವ ಮುಂಚೆ ಒಂದು ಆಂಟಿಬಯಾಟಿಕ್ ನುಂಗಿದರೆ ಕೀವಿನ ಅಪಾಯ ತಗ್ಗುತ್ತದೆ. ಕಬ್ಬಿಣದಂಶದ ಮಾತ್ರೆ, ಇಂಜೆಕ್ಷನ್ನು ಸೋರಿಹೋದ ರಕ್ತವನ್ನು ತುಂಬಿಕೊಡುತ್ತವೆ. ಪೊಮಾಲಿಡೊಮೈಡ್ ಎಂಬ ಮಾತ್ರೆ ಮೂಗಿನ ರಕ್ತವನ್ನು ಕಡಿಮೆ ಮಾಡುತ್ತದೆ ಎಂದು 2024ರಲ್ಲಿ ಪ್ರಯೋಗ ತೋರಿಸಿತು. ಆದರೆ ಇದೆಲ್ಲ ಸಿಗುವುದು ಕಾಯಿಲೆಯ ಹೆಸರು ಗೊತ್ತಾದವರಿಗೆ. ಹೆಸರೇ ಗೊತ್ತಿಲ್ಲದೆ ಹಲ್ಲು ಕೀಳಿಸಿಕೊಂಡವನು ಮಿದುಳಿನ ಕೀವಿನಿಂದ ಸತ್ತರೆ, ಅವನ ಮನೆಯವರಿಗೂ ಯಾಕೆ ಸತ್ತ ಅಂತ ತಿಳಿಯುವುದಿಲ್ಲ.

ಈಗ ಪ್ರಶ್ನೆ. ಹೆಸರು ಯಾರಿಗೆ ಗೊತ್ತಾಗುತ್ತದೆ?

ಅಮೆರಿಕದ ರೋಗಿಗಳ ದಾಖಲೆಯಲ್ಲಿ ಬಿಳಿಯರೇ ತುಂಬಿಕೊಂಡಿದ್ದಾರೆ. ಇದನ್ನು ನೋಡಿದ ಪಂಡಿತರು ಬಹಳ ಕಾಲ ಒಂದು ಸಲೀಸಾದ ತೀರ್ಮಾನಕ್ಕೆ ಬಂದಿದ್ದರು: ಇದು ಬಿಳಿಯರ ಕಾಯಿಲೆ, ಕರಿಯರಲ್ಲಿ ಅಪರೂಪ. ಕಾಯಿಲೆಗೆ ಹೆಸರಿಟ್ಟವರೂ ಅವರೇ. 1896ರಲ್ಲಿ ಫ್ರಾನ್ಸಿನ ರೆಂಡು, 1901ರಲ್ಲಿ ಬಾಲ್ಟಿಮೋರಿನಲ್ಲಿದ್ದ ಆಸ್ಲರ್, 1907ರಲ್ಲಿ ಲಂಡನ್ನಿನ ವೆಬರ್. ಮೂವರ ಹೆಸರನ್ನೂ ಪೋಣಿಸಿ ಕಾಯಿಲೆಗೆ ತಾಳಿ ಕಟ್ಟಿದರು. ಅವರ ಬುದ್ಧಿವಂತಿಕೆಯ ಬಗ್ಗೆ ನಮ್ಮ ತಕರಾರಿಲ್ಲ. ಆಸ್ಲರ್ ಕೆಲಸ ಮಾಡಿದ ಊರಿನ ಆಸ್ಪತ್ರೆಯಲ್ಲಿ ಕರಿಯರಿಗೆ ಬೇರೆ ವಾರ್ಡು ಇತ್ತು ಎಂಬುದನ್ನು ಮಾತ್ರ ನೆನಪಿಸುತ್ತೇವೆ. ಆ ದೇಶದ ಆಸ್ಪತ್ರೆಗಳು ವಾರ್ಡಿನ ಗೋಡೆ ಒಡೆದದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ, 1966ರಲ್ಲಿ ಮೆಡಿಕೇರ್ ದುಡ್ಡು ಬೇಕಾದರೆ ಭೇದ ಬಿಡಿ ಎಂದು ಸರ್ಕಾರ ಕುತ್ತಿಗೆ ಹಿಡಿದ ಮೇಲೆ. ನೂರಾರು ವರ್ಷ ಉಪದೇಶಕ್ಕೆ ಬಗ್ಗದ ಮನಸ್ಸು ದುಡ್ಡಿನ ಮಾತಿಗೆ ತಿಂಗಳುಗಳಲ್ಲಿ ಬಗ್ಗಿತು.

ಬಿಳಿಯರ ಕಾಯಿಲೆ ಎಂಬ ಸುಳ್ಳನ್ನು ಒಡೆದು ಹಾಕಿದ್ದು ಕೆರಿಬಿಯನ್ ಕಡಲಿನ ಒಂದು ಸಣ್ಣ ದ್ವೀಪ, ಕುರಸಾವೊ. ಆ ದ್ವೀಪದಲ್ಲೂ ಪಕ್ಕದ ಬೊನೇರಿನಲ್ಲೂ ಆಫ್ರಿಕಾ ಮೂಲದ ಜನರಲ್ಲಿ ಈ ಕಾಯಿಲೆ ಸುಮಾರು 1,300 ಜನಕ್ಕೊಬ್ಬರಿಗೆ ಇದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಜಗತ್ತಿನಲ್ಲಿ ಗೊತ್ತಿರುವ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಇದೂ ಒಂದು. ಬಿಳಿಯರ ಕಾಯಿಲೆ ಕಪ್ಪುಜನರ ದ್ವೀಪದಲ್ಲಿ ನಾಲ್ಕು ಪಟ್ಟು!

ಅಲ್ಲಿಗೆ ಅದು ಹೇಗೆ ಬಂತು? ಇದನ್ನು ಓದುವಾಗ ನಮ್ಮ ಮೈ ಉರಿಯಿತು. ಕುರಸಾವೊವನ್ನು ಡಚ್ ವೆಸ್ಟ್ ಇಂಡಿಯಾ ಕಂಪನಿ 1634ರಲ್ಲಿ ಹಿಡಿಯಿತು. ಆಮೇಲೆ ಅದು ಗುಲಾಮರ ಸಂತೆಯಾಯಿತು. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಮನುಷ್ಯರನ್ನು ದನದ ಜಾತ್ರೆಯಲ್ಲಿ ಹಲ್ಲು ನೋಡಿ ಕೊಳ್ಳುವ ಹಾಗೆ ಅಲ್ಲಿ ಕೊಂಡರು, ಮಾರಿದರು. 1795ರ ಆಗಸ್ಟಿನಲ್ಲಿ ತುಲಾ ಎಂಬ ಗುಲಾಮ ಬಂಡೆದ್ದ. ಅಕ್ಟೋಬರಿನಲ್ಲಿ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಗುಲಾಮಗಿರಿ ನಿಂತದ್ದು 1863ರ ಜುಲೈ 1ರಂದು. ಆಗ ಪರಿಹಾರದ ಹಣ ಸಿಕ್ಕಿದ್ದು ಒಡೆಯರಿಗೆ, ದುಡಿದವರಿಗಲ್ಲ. ಡಚ್ ಸರ್ಕಾರ ಬಾಯಿಬಿಟ್ಟು ಕ್ಷಮೆ ಕೇಳಿದ್ದು 2022ರ ಡಿಸೆಂಬರಿನಲ್ಲಿ. ಆ ದ್ವೀಪದ ರೋಗಿಗಳ ಜೀನುಗಳನ್ನು ಪರೀಕ್ಷಿಸಿ 2000ದಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ ಏನು ಹೇಳಿತು ಗೊತ್ತೆ? ಅಲ್ಲಿನ ಬಹುಪಾಲು ಕುಟುಂಬಗಳಲ್ಲಿರುವುದು ಎರಡೇ ಬಗೆಯ ದೋಷ. ಅದರಲ್ಲಿ ಒಂದಾದರೂ ಡಚ್ ವಸಾಹತುಗಾರನೊಬ್ಬನಿಂದ ಗುಲಾಮರಿಗೆ ಬಂದಿರಬೇಕು, ಯಾಕಂದರೆ ಅದೇ ದೋಷ ನೆದರ್ಲೆಂಡಿನ ಕುಟುಂಬಗಳಲ್ಲೂ ಸಿಕ್ಕಿದೆ.

ವಿಜ್ಞಾನದ ಭಾಷೆ ತಣ್ಣಗಿರುತ್ತದೆ. ಗುಲಾಮರ ಸಮುದಾಯಕ್ಕೆ ಸೇರಿತು ಅಂತ ಬರೆದು ಪುಟ ತಿರುಗಿಸುತ್ತದೆ. ಒಡೆಯನ ರಕ್ತ ಗುಲಾಮಳ ಹೊಟ್ಟೆಗೆ ಹೇಗೆ ಸೇರುತ್ತದೆ ಅಂತ ನಮ್ಮ ಹಟ್ಟಿಯ ಹೆಂಗಸರನ್ನು ಕೇಳಿ. ಜೀತಕ್ಕಿದ್ದ ಮನೆಗಳ ಹಿತ್ತಲನ್ನು ಕೇಳಿ. ಹಗಲು ಮುಟ್ಟದವನು ರಾತ್ರಿ ಮುಟ್ಟಿದ ಕಥೆ ಅದು. ಕುರಸಾವೊದಲ್ಲಿ ಆ ಕಥೆ ಜೀನಿನಲ್ಲಿ ಬರೆದುಕೊಂಡು ಕೂತಿದೆ. ಮೊಮ್ಮಕ್ಕಳ ಮರಿಮಕ್ಕಳ ಮೂಗಿನಿಂದ ಈಗಲೂ ಸುರಿಯುತ್ತಿದೆ. ರಕ್ತಶುದ್ಧಿ, ವಂಶಶುದ್ಧಿ ಅಂತ ಹಾರಾಡುವವರೆಲ್ಲ, ಅಲ್ಲಿಯವರಾಗಲಿ ಇಲ್ಲಿಯವರಾಗಲಿ, ಈ ಅಧ್ಯಯನವನ್ನು ಒಂದು ಸಲ ಓದಬೇಕು.

ಇನ್ನೊಂದು ವ್ಯಂಗ್ಯ ನೋಡಿ. ಈ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸಲು ಜಗತ್ತಿನ ವೈದ್ಯರು ಬಳಸುವ ಅಳತೆಗೋಲಿಗೆ ಹೆಸರು ಕುರಸಾವೊ ಮಾನದಂಡ. ಇದೂ 2000ದಲ್ಲಿ ಪ್ರಕಟವಾದದ್ದು. ಹೆಸರೇನೋ ಕಪ್ಪುಜನರ ದ್ವೀಪದ್ದು. ಆ ಅಳತೆಗೋಲು ಕಪ್ಪುಜನರಿಗೆ ಎಷ್ಟು ದಕ್ಕುತ್ತದೆ? ಅಳೆದು ನೋಡೋಣ.

ಅದರಲ್ಲಿ ನಾಲ್ಕು ಅಂಶಗಳಿವೆ. ಒಂದು, ಪದೇ ಪದೇ ತಾನಾಗಿಯೇ ಬರುವ ಮೂಗಿನ ರಕ್ತ. ಎರಡು, ತುಟಿ, ಬಾಯಿ, ಮೂಗು, ಬೆರಳುಗಳ ಮೇಲೆ ಕೆಂಪು ಚುಕ್ಕೆ. ಮೂರು, ಒಳಗಿನ ಅಂಗಗಳಲ್ಲಿ ನಾಳದ ಗಂಟು. ನಾಲ್ಕು, ತಂದೆ ತಾಯಿ ಒಡಹುಟ್ಟು ಮಕ್ಕಳಲ್ಲಿ ಯಾರಿಗಾದರೂ ಇದೇ ಕಾಯಿಲೆ. ಮೂರು ಇದ್ದರೆ ಖಚಿತ. ಎರಡಿದ್ದರೆ ಅನುಮಾನ. ಒಂದೇ ಇದ್ದರೆ ಇರಲಾರದು, ಮನೆಗೆ ಹೋಗಿ.

ಈಗ ಅಮೆರಿಕದ ದಕ್ಷಿಣದ ಒಂದು ಬಡ ಕಪ್ಪು ಕುಟುಂಬವನ್ನು ಈ ಅಳತೆಗೋಲಿನ ಮುಂದೆ ನಿಲ್ಲಿಸಿ.

ಮೂಗಿನ ರಕ್ತ ಇದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕೆಂಪು ಚುಕ್ಕೆ? ಬಿಳಿ ತೊಗಲಿನ ಮೇಲೆ ಹೊಳೆಯುವ ಚುಕ್ಕೆ ಕಪ್ಪು ತೊಗಲಿನ ಮೇಲೆ ಹಾಗೆ ಹೊಳೆಯುವುದಿಲ್ಲ. ಡಾಕ್ಟರು ಓದಿದ ಪುಸ್ತಕದಲ್ಲಿ ಇದ್ದದ್ದು ಬಿಳಿ ಕೈ, ಬಿಳಿ ತುಟಿಯ ಚಿತ್ರ. ಕಲಿಯದ ಕಣ್ಣು ಕಾಣುವುದಿಲ್ಲ. ಮಲೋನ್ ಮುಕ್ವೆಂಡೆ ಎಂಬ ಕಪ್ಪು ಹುಡುಗ ಲಂಡನ್ನಿನಲ್ಲಿ ವೈದ್ಯ ಓದುತ್ತಿದ್ದಾಗ, ನಮ್ಮಂಥವರ ಮೈಮೇಲೆ ಇದು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಸಿಗದೆ, ತನ್ನ ಮೇಷ್ಟ್ರುಗಳನ್ನು ಜೊತೆ ಮಾಡಿಕೊಂಡು 2020ರಲ್ಲಿ ತಾನೇ ಒಂದು ಕೈಪಿಡಿ ತಂದ. ಕಪ್ಪು, ಕಂದು ತೊಗಲಿನ ಮೇಲೆ ರೋಗದ ಗುರುತುಗಳು ಹೇಗೆ ಕಾಣುತ್ತವೆ ಎಂಬುದೇ ಅದರ ವಿಷಯ. ಆಧುನಿಕ ವೈದ್ಯಶಾಸ್ತ್ರಕ್ಕೆ ಇಷ್ಟು ವಯಸ್ಸಾಯಿತು, ಇದನ್ನು ಮಾಡಲು ಒಬ್ಬ ವಿದ್ಯಾರ್ಥಿ ಬರಬೇಕಾಯಿತು.

ಒಳಗಿನ ಗಂಟು? ಅದನ್ನು ಕಾಣಲು ಎಕೋ ಬೇಕು, ಸಿ.ಟಿ. ಸ್ಕ್ಯಾನ್ ಬೇಕು, ಅದಕ್ಕೆ ವಿಮೆ ಬೇಕು. ಬಡವರಿಗೆ ಮೆಡಿಕೇಡ್ ವಿಸ್ತರಿಸುವ ಕಾನೂನು 2010ರಲ್ಲಿ ಬಂತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ರಾಜ್ಯಗಳ ಮರ್ಜಿಗೆ ಬಿಟ್ಟಿತು. 2024ರ ಕೊನೆಗೂ ಹತ್ತು ರಾಜ್ಯಗಳು ಒಪ್ಪಿರಲಿಲ್ಲ. ಟೆಕ್ಸಾಸ್, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ ಆ ಪಟ್ಟಿಯಲ್ಲಿವೆ. ಒಂದು ಕಾಲಕ್ಕೆ ಹತ್ತಿ ಬಿಡಿಸುವ ಗುಲಾಮರ ನಾಡುಗಳು. ಇವತ್ತಿಗೂ ಕಪ್ಪುಜನ ದಟ್ಟವಾಗಿ ಬದುಕಿರುವ ನಾಡುಗಳು.

ಸ್ಕ್ಯಾನ್ ಇಲ್ಲದಿದ್ದರೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇದೆಯಲ್ಲ ಅಂತೀರಾ? ಶ್ವಾಸಕೋಶದಲ್ಲಿ ದೊಡ್ಡ ಗಂಟಿದ್ದರೆ ರಕ್ತದ ಆಮ್ಲಜನಕ ಇಳಿಯುತ್ತದೆ, ಅದನ್ನು ನೋಡಿ ಅನುಮಾನ ಬರಬೇಕು. ಆದರೆ ಆ ಯಂತ್ರ ಬೆಳಕನ್ನು ತೊಗಲಿನ ಮೂಲಕ ಹಾಯಿಸಿ ಓದುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ ಪರವಾಗಿಲ್ಲ ಅಂದ ರೋಗಿಗಳ ರಕ್ತವನ್ನೇ ತೆಗೆದು ಪರೀಕ್ಷಿಸಿದಾಗ, ಆಮ್ಲಜನಕ ಅಪಾಯದ ಮಟ್ಟಕ್ಕಿಳಿದದ್ದು ಬಿಳಿಯರಲ್ಲಿ 100ಕ್ಕೆ 3.6, ಕಪ್ಪುಜನರಲ್ಲಿ 11.7. ಯಂತ್ರಕ್ಕೆ ದ್ವೇಷವಿಲ್ಲ. ಯಂತ್ರ ಮಾಡಿದವರು ಯಾರ ಬೆರಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದೇ ಪ್ರಶ್ನೆ.

ನಾಲ್ಕನೆಯದು ಮನೆತನದ ಕಥೆ. ಎಲ್ಲಕ್ಕಿಂತ ಕ್ರೂರವಾದ ಬಾಗಿಲು ಇದೇ. ನಿಮ್ಮ ಅಮ್ಮನಿಗೆ ಈ ಕಾಯಿಲೆ ಇತ್ತೇ ಅಂತ ಕೇಳುತ್ತಾರೆ. ಅಮ್ಮನಿಗೆ ಇತ್ತು ಅನ್ನಲು ಅಮ್ಮನನ್ನು ಯಾರಾದರೂ ಡಾಕ್ಟರು ನೋಡಿರಬೇಕು. ಅಜ್ಜಿ ಬೇರೆ ವಾರ್ಡಿನಲ್ಲಿ ಮಲಗಿದ್ದಳು. ಮುತ್ತಜ್ಜಿಯನ್ನು ಒಂದು ತೋಟಕ್ಕೆ, ಅವಳ ಮಗನನ್ನು ಇನ್ನೊಂದು ತೋಟಕ್ಕೆ ಮಾರಿದ್ದರು. ವಂಶವೃಕ್ಷವನ್ನು ಕೊಡಲಿ ಹಾಕಿ ಕಡಿದವರೇ ಈಗ ವಂಶವೃಕ್ಷ ತೋರಿಸು ಅನ್ನುತ್ತಾರೆ.

ನಾಲ್ಕು ಬಾಗಿಲಲ್ಲಿ ಮೂರು ಮುಚ್ಚಿತು. ಉಳಿದದ್ದು ಮೂಗಿನ ರಕ್ತವೊಂದೇ. ಅಳತೆಗೋಲಿನ ಪ್ರಕಾರ ಕಾಯಿಲೆ ಇರಲಾರದು. ಮನೆಗೆ ಹೋಗಿ. ಆ ಮನೆಗೆ ಹೋದವರು ದಾಖಲೆಯಲ್ಲಿಲ್ಲ. ದಾಖಲೆಯಲ್ಲಿಲ್ಲದ್ದರಿಂದ ಕಪ್ಪುಜನರಲ್ಲಿ ಕಾಯಿಲೆ ಅಪರೂಪ. ಅಪರೂಪವಾದ್ದರಿಂದ ಡಾಕ್ಟರು ಹುಡುಕುವುದಿಲ್ಲ. ಎತ್ತು ಗಾಣ ಸುತ್ತಿದ ಹಾಗೆ ಸುತ್ತುತ್ತಿದೆ ಈ ತರ್ಕ. ಮಾನದಂಡ ಬರೆದ ವಿಜ್ಞಾನಿಗಳು ದುಷ್ಟರೆಂದು ನಾವು ಹೇಳುತ್ತಿಲ್ಲ. ಅಳತೆಗೋಲು ನೆಟ್ಟಗಿದೆ. ಅದು ನಿಂತ ನೆಲ ಓರೆಯಾಗಿದೆ.

ಹೆಸರು ಗೊತ್ತಾಗುವುದು ಎಲ್ಲರಿಗೂ ತಡವೇ. ಇಟಲಿಯ ರೋಗಿಗಳಲ್ಲಿ ಮೊದಲ ಲಕ್ಷಣಕ್ಕೂ ಕಾಯಿಲೆ ಗುರುತಿಸುವುದಕ್ಕೂ ನಡುವೆ ಸರಾಸರಿ 25 ವರ್ಷ ಕಳೆದಿತ್ತೆಂದು 2012ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ನಾಲ್ಕೂ ಬಾಗಿಲು ತೆರೆದವರಿಗೇ 25 ವರ್ಷ. ಮೂರು ಮುಚ್ಚಿದವರಿಗೆ ಎಷ್ಟು? ಬಸುರಿ ಹೆಂಗಸರನ್ನು ನೆನೆಯಿರಿ. ಈ ಕಾಯಿಲೆಯವರಿಗೆ ಬಸಿರಿನಲ್ಲಿ ಶ್ವಾಸಕೋಶದ ಗಂಟು ಒಡೆಯುವ ಅಪಾಯವಿದೆ; ಮೊದಲೇ ಗೊತ್ತಿದ್ದರೆ ಕಾಪಾಡಿಕೊಳ್ಳಬಹುದು. ಅಮೆರಿಕದಲ್ಲಿ 2023ರಲ್ಲಿ ಒಂದು ಲಕ್ಷ ಹೆರಿಗೆಗೆ ಸತ್ತ ತಾಯಂದಿರು ಬಿಳಿಯರಲ್ಲಿ 14.5, ಕಪ್ಪುಜನರಲ್ಲಿ 50.3. ಎಲ್ಲ ಕಾರಣಗಳೂ ಸೇರಿದ ಸಾವು ಇದು. ಈ ಗುಂಡಿಯೊಳಗೆ ಹೆಸರು ತಿಳಿಯದ ರೋಗವೂ ಸೇರಿಕೊಂಡರೆ ಯಾರು ಬೇರ್ಪಡಿಸಿ ಎಣಿಸುತ್ತಾರೆ?

ಹಾಗಾದರೆ ಕಪ್ಪುಜನರ ಕಾಯಿಲೆ ಅಂತಲೇ ಹೆಸರಾದ ಕಾಯಿಲೆಗೆ ಮರ್ಯಾದೆ ಸಿಕ್ಕಿತೇ? ಅದನ್ನೂ ನೋಡಿಬಿಡೋಣ. ಕುಡಗೋಲು ಕಣದ ಕಾಯಿಲೆ, ಸಿಕಲ್ ಸೆಲ್. ಚಿಕಾಗೋದಲ್ಲಿ ಹೆರಿಕ್ ಎಂಬ ಡಾಕ್ಟರು 1910ರಲ್ಲಿ ಇದನ್ನು ಮೊದಲು ವರದಿ ಮಾಡಿದ. ಆಮೇಲೆ ಅರವತ್ತು ವರ್ಷ ಸರ್ಕಾರ ಕಣ್ಣು ಮುಚ್ಚಿತ್ತು. 1971ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹುಡುಗ ಹುಡುಗಿಯರು ಬೀದಿಗಿಳಿದರು. ಬೆರಳಿಗೆ ಸೂಜಿ ಚುಚ್ಚಿ ತಮ್ಮ ಜನರ ರಕ್ತವನ್ನು ತಾವೇ ಪರೀಕ್ಷಿಸಿದರು. ಉಚಿತ ಜನತಾ ಚಿಕಿತ್ಸಾಲಯ ತೆರೆದರು. 1972ರ ಮೇ ತಿಂಗಳಲ್ಲಿ ನಿಕ್ಸನ್ ಸರ್ಕಾರ ಸಿಕಲ್ ಸೆಲ್ ಕಾಯ್ದೆಗೆ ಸಹಿ ಹಾಕಬೇಕಾಯಿತು. ಇಷ್ಟಾದರೂ ಭೇದ ಹೋಗಲಿಲ್ಲ. ಆ ದೇಶದಲ್ಲಿ ಸಿಕಲ್ ಸೆಲ್ ರೋಗಿಗಳು ಸುಮಾರು ಒಂದು ಲಕ್ಷ. ಹೆಚ್ಚಾಗಿ ಬಿಳಿಯರಿಗೆ ಬರುವ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳು ಅದರ ಮೂರನೇ ಒಂದು ಪಾಲು. ಕೇಂದ್ರ ಸರ್ಕಾರದ ಸಂಶೋಧನೆಯ ಹಣವನ್ನು ತಲೆಗೆ ಹಂಚಿ ನೋಡಿದರೆ, ಎರಡನೆಯವರಿಗೆ ಮೂರು ಪಟ್ಟಿಗಿಂತ ಹೆಚ್ಚು ಸಿಕ್ಕಿದೆ ಎಂದು 2020ರ ಒಂದು ಅಧ್ಯಯನ ತೋರಿಸಿತು.

ಅಂದರೆ ಬಿಳಿಯರದು ಅಂತ ಹೆಸರಾದ ಕಾಯಿಲೆ ಕರಿಯನಿಗೆ ಬಂದರೆ ಕಾಣುವುದಿಲ್ಲ. ಕರಿಯರದು ಅಂತ ಹೆಸರಾದ ಕಾಯಿಲೆ ಕರಿಯನಿಗೆ ಬಂದರೆ ಕಂಡರೂ ಕಾಸಿಲ್ಲ. ಅತ್ತ ದರಿ, ಇತ್ತ ಪುಲಿ.

ಈಗ ಕೆಲವು ಗೆಳೆಯರು ಕೇಳುತ್ತಾರೆ. ಏನ್ರಯ್ಯ, ನಮ್ಮ ಹಟ್ಟಿಯಲ್ಲಿ ಕುಡಿಯೋಕೆ ನೀರಿಲ್ಲ, ನಿಮಗೆ ಅಮೆರಿಕದ ಮೂಗಿನ ಚಿಂತೆ. ಅವರಿಗೆ ನಮ್ಮ ಉತ್ತರ ಇಷ್ಟು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮಗಿರಿಯ ವಿರುದ್ಧ ನಿಂತ ಅಮೆರಿಕದ ಸಜ್ಜನರಿಗೆ. ಬಾಬಾಸಾಹೇಬರು 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರ ಬರೆದರು, ನೀಗ್ರೋಗಳ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿದರು. 1972ರಲ್ಲಿ ಮುಂಬೈನಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ದಲಿತ್ ಪ್ಯಾಂಥರ್ ಕಟ್ಟಿದಾಗ ಹೆಸರು ತಂದದ್ದು ಎಲ್ಲಿಂದ? ಆ ಪ್ಯಾಂಥರುಗಳಿಂದ ನಾವು ಹೆಸರು ತಂದೆವು, ಗರ್ಜನೆ ತಂದೆವು, ಕಾವ್ಯ ತಂದೆವು. ಬೆರಳಿಗೆ ಚುಚ್ಚುವ ಆ ಸೂಜಿಯನ್ನು ತರುವುದು ಬಾಕಿ ಇದೆ.

ಸೂಜಿ ಬೇಕಾದ ಜಾಗ ನಮ್ಮಲ್ಲೂ ಇದೆ. ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡಗೋಲು ಕಣ ಇದೆ ಅಂತ ಲೋಕಕ್ಕೆ ಗೊತ್ತಾದದ್ದು 1952ರಲ್ಲಿ. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಅದಿದೆ. ಭಾರತ ಸರ್ಕಾರ ಇದಕ್ಕೊಂದು ರಾಷ್ಟ್ರೀಯ ಅಭಿಯಾನ ಶುರು ಮಾಡಿದ್ದು 2023ರ ಜುಲೈ 1ರಂದು. ಎಣಿಸಿ ನೋಡಿ, ಎಪ್ಪತ್ತೊಂದು ವರ್ಷ.

ಇನ್ನು ಮುಟ್ಟುವ ಮಾತು. ಎಚ್.ಎಚ್.ಟಿ. ಚುಕ್ಕೆಯನ್ನು ಗುರುತಿಸುವ ಬಗೆ ಸರಳ. ನಾಲಿಗೆ ಚಾಚಿಸಬೇಕು, ತುಟಿ ಮಡಿಸಿ ನೋಡಬೇಕು, ಬೆರಳ ತುದಿ ಹಿಡಿದು ಒತ್ತಬೇಕು. ಒತ್ತಿದರೆ ಚುಕ್ಕೆ ಮಾಸುತ್ತದೆ, ಬಿಟ್ಟರೆ ಮತ್ತೆ ತುಂಬುತ್ತದೆ. ಮುಟ್ಟದೆ ಈ ಕಾಯಿಲೆ ಸಿಗುವುದಿಲ್ಲ. 2006ರಲ್ಲಿ ಪುಸ್ತಕವಾಗಿ ಬಂದ ಅಸ್ಪೃಶ್ಯತೆಯ ಸಮೀಕ್ಷೆ 11 ರಾಜ್ಯಗಳ 565 ಹಳ್ಳಿಗಳನ್ನು ಸುತ್ತಿತು. ಮೂರರಲ್ಲಿ ಒಂದು ಹಳ್ಳಿಯಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತರೇ ದಲಿತರ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲು ದಾಟದವರು ನಾಲಿಗೆ ನೋಡುತ್ತಾರೆಯೇ? ಮೂಗಲ್ಲಿ ರಕ್ತ ಬಂದರೆ ನಮ್ಮ ಕಡೆ ಉಷ್ಣ ಅಂತಾರೆ, ನೆತ್ತಿಗೆ ತಣ್ಣೀರು ತಟ್ಟುತ್ತಾರೆ. ರಕ್ತ ಕಾರಿ ಸತ್ತರೆ ಗಾಳಿ ಮೆಟ್ಟಿತು ಅಂತಾರೆ. ನಮ್ಮ ಅಜ್ಜಿಯಂದಿರ ಸಾವಿಗೆ ಸರ್ಟಿಫಿಕೇಟೂ ಇಲ್ಲ, ಕಾರಣವೂ ಇಲ್ಲ.

ಆದ್ದರಿಂದ ಓದುಗ ಗೆಳೆಯರೇ, ನಾವು ಕೇಳುವುದು ಇಷ್ಟು.

ಹಳ್ಳಿಯ ಮೇಷ್ಟ್ರೇ, ಮೂಗಿನಲ್ಲಿ ರಕ್ತ ಬಂದ ಮಕ್ಕಳನ್ನೆಲ್ಲ ಹೆದರಿಸಬೇಡಿ. ಮಕ್ಕಳಲ್ಲಿ ಅದು ಹೆಚ್ಚಾಗಿ ಸಾಮಾನ್ಯದ್ದೇ. ಆದರೆ ಅದು ಮತ್ತೆ ಮತ್ತೆ ಬಂದರೆ, ಅದೇ ಮನೆಯ ತಾಯಿಗೋ ತಂದೆಗೋ ಇದ್ದರೆ, ನಾಲಿಗೆ ತುಟಿಯ ಮೇಲೆ ಚುಕ್ಕೆ ಕಂಡರೆ, ಉಷ್ಣ ಅಂತ ಬಿಡಬೇಡಿ. ಒಂದು ಚೀಟಿಯಲ್ಲಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿ. ತೊಗಲು ಎಷ್ಟೇ ಕಪ್ಪಿದ್ದರೂ ನಾಲಿಗೆ ಕೆಂಪೇ ಇರುತ್ತದೆ, ಅಲ್ಲಿ ಹುಡುಕಲಿ ಅಂತ ಹೇಳಿ.

ಮೆಡಿಕಲ್ ಓದುತ್ತಿರುವ ನಮ್ಮ ತಮ್ಮ ತಂಗಿಯರೇ, ನಿಮ್ಮ ಪುಸ್ತಕದ ಚಿತ್ರ ನಿಮ್ಮ ಕೈಯ ಬಣ್ಣದ್ದಲ್ಲದಿದ್ದರೆ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿ. ಈ ದೇಶದಲ್ಲಿ ಕಂದು, ಕಪ್ಪು ತೊಗಲಿನವರೇ ಬಹುಜನ. ನಮ್ಮ ರೋಗವನ್ನು ನಮ್ಮ ಮೈಮೇಲೆ ತೋರಿಸಿ ಅನ್ನುವುದು ದಾನ ಬೇಡುವುದಲ್ಲ.

ಸಂಘಟನೆಯ ಗೆಳೆಯರೇ, ಕೇರಿಯ ಹಿರಿಯರ ಹತ್ತಿರ ಕೂತು ಬರೆದುಕೊಳ್ಳಿ. ಯಾರ ಅವ್ವ ಹೇಗೆ ಸತ್ತಳು, ಎಷ್ಟನೇ ವಯಸ್ಸಿಗೆ, ಏನು ನೋವಿತ್ತು, ಯಾವ ಹೆರಿಗೆಯಲ್ಲಿ. ಹಾಡು, ಕಥೆ ಬರೆದುಕೊಳ್ಳುವ ನಾವು ಇದನ್ನೂ ಬರೆದುಕೊಳ್ಳೋಣ. ಡಾಕ್ಟರು ನಾಳೆ ವಂಶದ ಕಥೆ ಏನು ಅಂತ ಕೇಳಿದಾಗ ನಮ್ಮ ಹುಡುಗಿ ತಲೆ ತಗ್ಗಿಸಿ ಗೊತ್ತಿಲ್ಲ ಅನ್ನಬಾರದು. ನೋಟ್‌ಬುಕ್ ತೆಗೆದು ಮೇಜಿನ ಮೇಲಿಡಬೇಕು.